ಅಮ್ಮ ‘ಚೆನ್ನಾಗೇ ಇದ್ದೀನಿ’ ಅಂತಾರೆ, ಆದರೆ ಬಟ್ಟೆ ಸಡಿಲವಾಗಿದೆ

ಪ್ರಶ್ನೆ: ನನ್ನ ತಾಯಿಗೆ 77 ವರ್ಷ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷದಿಂದ ಒಬ್ಬರೇ ಇದ್ದಾರೆ. ನಾನು ಬೇರೆ ಊರಿನಲ್ಲಿದ್ದೇನೆ, ಎರಡು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ದಿನಾ ಫೋನ್ ಮಾಡಿದಾಗ ‘ನನಗೇನಾಗಿದೆ, ಚೆನ್ನಾಗೇ ಇದ್ದೀನಿ’ ಅಂತಾರೆ. ಆದರೆ ಈ ಸಲ ಹೋದಾಗ ಯಾಕೋ ಕಸಿವಿಸಿಯಾಯಿತು. ಬಟ್ಟೆಯೆಲ್ಲ ಸಡಿಲವಾಗಿದೆ. ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತಾರೆ. ಮನೆಯೊಳಗೇ ಗೋಡೆ ಹಿಡಿದು ನಡೆಯುತ್ತಾರೆ. ಬೆಳಗಿನ ವಾಕಿಂಗ್ ಯಾವಾಗ ಬಿಟ್ಟರೋ ಗೊತ್ತಿಲ್ಲ. ಮೂರು ವಾರದ ಪೇಪರ್ ಮಡಿಕೆ ಬಿಚ್ಚದೆ ಬಿದ್ದಿತ್ತು. ಕರೆಂಟ್ ಬಿಲ್ ಎರಡು ಸಲ ಕಟ್ಟಿದ್ದಾರೆ. ಮೊಣಕಾಲ ಕೆಳಗೆ ನೀಲಿ ಗುರುತು, ಕೇಳಿದರೆ ‘ಎಲ್ಲೋ ತಗಲಿತು’ ಅಂದರು. ಟಿವಿ ಶಬ್ದ ಕೂರಲಾಗದಷ್ಟು ಜೋರು. ಹಗಲು ಕೂತಲ್ಲೇ ತೂಕಡಿಸುತ್ತಾರೆ. ಶುಗರ್, ಬಿಪಿಗೆ ಬಹಳ ವರ್ಷದಿಂದ ಮಾತ್ರೆ ಇದೆ, ನಾಲ್ಕು ತಿಂಗಳಿಂದ ನಿದ್ದೆಗೂ ಒಂದು. ಎಂಟು ತಿಂಗಳ ಹಿಂದೆ ಮಾಡಿಸಿದ ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ಅಣ್ಣ ‘ವಯಸ್ಸಾಯ್ತು, ಇದೆಲ್ಲ ಇದ್ದದ್ದೇ’ ಅಂತಾನೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಅಮ್ಮ ಒಪ್ಪುವುದಿಲ್ಲ. ಇದು ಮರೆವಿನ ಕಾಯಿಲೆಯ ಶುರುವಾ? ನಮ್ಮ ಮನೆಗೆ ಕರೆತಂದುಬಿಡಲಾ? ಇಲ್ಲ, ನಾನೇ ಸುಮ್ನೆ ಗಾಬರಿ ಆಗ್ತಿದ್ದೀನಾ?

ಉತ್ತರ: ಸುಮ್ನೆ ಗಾಬರಿ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವ ಒಂದೊಂದನ್ನೂ ಬಿಡಿಯಾಗಿ ಹಿಡಿದರೆ ನಿಮ್ಮ ಅಣ್ಣನಂತೆ ಏನಾದರೊಂದು ಸಮಜಾಯಿಷಿ ಕೊಡಬಹುದು. ಪೇಪರ್ ಓದಲು ಬೇಜಾರಾಗಿರಬಹುದು. ಕಾಲು ಮಂಚಕ್ಕೆ ತಗಲಿರಬಹುದು. ಬಿಲ್ ಎರಡು ಸಲ ಕಟ್ಟುವುದು ನನ್ನಿಂದಲೂ ಆಗಿದೆ. ಆದರೆ ಇಷ್ಟೂ ಒಟ್ಟಿಗೆ ಬಂದಿವೆ, ಅದೂ ಕೆಲವೇ ತಿಂಗಳಲ್ಲಿ. ಹೀಗೆ ಗುಂಪಾಗಿ ಬಂದದ್ದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು. ಸಮಾಧಾನದ ಮಾತೂ ಇದೆ. ಇವುಗಳಲ್ಲಿ ಬಹಳಷ್ಟು ಸರಿಪಡಿಸಬಹುದಾದವು. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ‘ನಾಲ್ಕು ತಿಂಗಳಿಂದ ನಿದ್ದೆಗೂ ಒಂದು’ ಅನ್ನುವ ಮಾತಿನ ಮೇಲೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಎರಡು ತಿಂಗಳಿಗೊಮ್ಮೆ ಮಾತ್ರ ಹೋಗುತ್ತೇನಲ್ಲ ಎಂಬ ಅಳುಕು ನಿಮಗಿರಬಹುದು. ಈ ವಿಷಯದಲ್ಲಿ ಮಾತ್ರ ಅದು ಅನುಕೂಲವೇ. ದಿನಾ ನೋಡುವವರಿಗೆ ಇಂಥ ಬದಲಾವಣೆ ಕಾಣುವುದೇ ಇಲ್ಲ. ವಯಸ್ಸಾದವರನ್ನು ನೋಡುವುದೇ ನನ್ನ ಕೆಲಸ, ಆದರೂ ನನ್ನ ಅಪ್ಪನ ವಿಷಯದಲ್ಲಿ ನಾನೇ ಏಮಾರಿದೆ. ಒಂದೇ ಮನೆಯಲ್ಲಿದ್ದೆವು. ಒಂದು ದಿನ ಸೆಲ್ ಹಾಕಿಸಿಕೊಂಡು ಬಾ ಅಂತ ಅವರ ಕೈಗಡಿಯಾರ ಕೊಟ್ಟರು. ಬಹಳ ವರ್ಷ ಬಕಲ್ ಕೂತು ಸವೆದ ಗೆರೆ ಚರ್ಮದ ಪಟ್ಟಿಯ ಒಂದು ತೂತಿನ ಹತ್ತಿರ ಇತ್ತು. ಈಗ ಹಾಕಿಕೊಳ್ಳುತ್ತಿದ್ದ ತೂತು ಅಲ್ಲಿಂದ ಮೂರು ತೂತು ಒಳಗೆ. ಆ ಮೂರನೆಯದಂತೂ ಮೊಳೆಯಿಂದ ಅವರೇ ಕೊರೆದುಕೊಂಡದ್ದು. ಪಕ್ಕದಲ್ಲಿ ಕೂತು ದಿನಾ ಊಟ ಮಾಡುತ್ತಿದ್ದವನು ನಾನು, ಅಷ್ಟು ತೂಕ ಇಳಿದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿತ್ತು. ಹರೆಯದವರಿಗೆ ಹಾಗಾದರೆ ಕೈ ನಡುಗುತ್ತದೆ, ಬೆವರುತ್ತಾರೆ, ಚಡಪಡಿಸುತ್ತಾರೆ. ವಯಸ್ಸಾದವರು ಎಷ್ಟೋ ಸಲ ಸುಮ್ಮನೆ ಸೊರಗುತ್ತಾರೆ, ಅಷ್ಟೇ.

ಈಗ ನಿಮ್ಮ ಅಣ್ಣನ ಮಾತಿಗೆ ಬರೋಣ. ‘ಅರವತ್ತಕ್ಕೆ ಅರಳು ಮರಳು’ ಅನ್ನುವ ಗಾದೆ ಎಷ್ಟು ಜನರ ಚಿಕಿತ್ಸೆಯನ್ನು ತಡಮಾಡಿದೆಯೋ ಲೆಕ್ಕವಿಲ್ಲ. ವಯಸ್ಸು ತನ್ನ ಪಾಲಿನದ್ದು ಕಿತ್ತುಕೊಳ್ಳುತ್ತದೆ, ಸುಳ್ಳಲ್ಲ. ಕೆಲಸ ನಿಧಾನವಾಗುತ್ತದೆ, ಪರಿಚಯದವರ ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ, ನಿದ್ದೆ ತೆಳುವಾಗುತ್ತದೆ. ಆದರೆ ಇದೆಲ್ಲ ಇಳಿಜಾರಿನಂತೆ, ವರ್ಷಗಟ್ಟಲೆ, ಗೊತ್ತಾಗದ ಹಾಗೆ ಆಗುತ್ತದೆ. ಕಾಯಿಲೆಯೋ ಔಷಧದ ಅಡ್ಡಪರಿಣಾಮವೋ ಆದರೆ ಹೆಚ್ಚಾಗಿ ಮೆಟ್ಟಿಲು ಇಳಿದ ಹಾಗೆ. ಮೊನ್ನೆ ಮೊನ್ನೆಯವರೆಗೆ ಮಾಡುತ್ತಿದ್ದುದು ಈಗ ಆಗುತ್ತಿಲ್ಲ. ಹಾಗಾಗಿ ನಿಮ್ಮ ತಾಯಿಯನ್ನು ಪಕ್ಕದ ಮನೆಯ 77ರವರ ಜೊತೆ ಹೋಲಿಸಬೇಡಿ. ಆ ವಯಸ್ಸಿನಲ್ಲಿ ಬೆಟ್ಟ ಹತ್ತುವವರೂ ಇದ್ದಾರೆ, ಹಾಸಿಗೆ ಹಿಡಿದವರೂ ಇದ್ದಾರೆ. ಆರು ತಿಂಗಳ ಹಿಂದಿನ ನಿಮ್ಮ ತಾಯಿಯ ಜೊತೆ ಹೋಲಿಸಿ. ‘ಯಾವಾಗಿನಿಂದ?’ ಅನ್ನುವ ಒಂದು ಪ್ರಶ್ನೆ ನನಗೆ ಹತ್ತು ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ. ಮನೆಯವರಿಗೆ ಅದರ ಉತ್ತರ ಥಟ್ಟನೆ ಹೊಳೆಯುವುದಿಲ್ಲ. ಫೋನಿನಲ್ಲಿರುವ ಹಳೆ ಫೋಟೋ, ವಿಡಿಯೋ ತೆಗೆದು ನೋಡಿ, ತಾರೀಖಿನ ಸಮೇತ ಸಿಗುತ್ತದೆ.

ಎರಡನೇ ನಂಬಿಕೆ, ರಿಪೋರ್ಟ್ ನಾರ್ಮಲ್ ಅಂದಮೇಲೆ ಎಲ್ಲ ಸರಿ ಅನ್ನುವುದು. ರಕ್ತ ಪರೀಕ್ಷೆ ಆ ದಿನದ ಕೆಲವು ಅಂಕಿಗಳನ್ನು ಕೊಡುತ್ತದೆ. ಕುರ್ಚಿಯಿಂದ ಹೇಗೆ ಏಳುತ್ತಾರೆ, ಬಚ್ಚಲಿಗೆ ಹೋಗಲು ಹೆದರುತ್ತಾರಾ, ಒಲೆ ಆರಿಸಲು ಮರೆಯುತ್ತಾರಾ ಅನ್ನುವುದು ಅದರಲ್ಲಿ ಬರುವುದಿಲ್ಲ. ಹಿರಿಯರ ಆರೋಗ್ಯ ಕೆಡುತ್ತಿದೆ ಅನ್ನುವುದು ಮೊದಲು ಗೊತ್ತಾಗುವುದು ಅವರು ಬಿಟ್ಟುಬಿಟ್ಟ ಕೆಲಸಗಳಿಂದ. ಅದಕ್ಕೂ ಒಂದು ಕ್ರಮ ಇರುತ್ತದೆ. ಸಾಮಾನ್ಯವಾಗಿ ಲೆಕ್ಕಾಚಾರ ಬೇಡುವ ಕೆಲಸಗಳು ಮೊದಲು ಜಾರುತ್ತವೆ: ಹಣ, ಬಿಲ್ಲು, ಮಾತ್ರೆಯ ಹೊತ್ತು, ಒಬ್ಬರೇ ಹೊರಗೆ ಹೋಗಿ ಬರುವುದು. ಮೈಗೆ ಸಂಬಂಧಪಟ್ಟವು ಆಮೇಲೆ, ಅವುಗಳಲ್ಲೂ ಹೆಚ್ಚಾಗಿ ಸ್ನಾನ ಮೊದಲು. ತಾನೇ ಉಣ್ಣುವುದು ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ‘ಊಟ ಮಾಡ್ತಾರಲ್ಲ, ಏನೂ ತೊಂದರೆ ಇಲ್ಲ’ ಅನ್ನುವ ಸಮಾಧಾನಕ್ಕೆ ಜಾಸ್ತಿ ಬೆಲೆಯಿಲ್ಲ.

ಸ್ನಾನ ತಪ್ಪಿಸುವವರನ್ನು ಮನೆಯವರು ‘ಸೋಮಾರಿ ಆಗಿದ್ದಾರೆ’ ಅಂತ ಬೈಯುವುದನ್ನು ಕೇಳಿದ್ದೇನೆ. ಎಷ್ಟೋ ಸಲ ಅದು ಸೋಮಾರಿತನವಲ್ಲ, ಜಾರುವ ನೆಲದ ಭಯ. ಒಮ್ಮೆ ಜಾರಿದ್ದಾರೆ, ಯಾರಿಗೂ ಹೇಳಿಲ್ಲ. ನಿಮ್ಮ ತಾಯಿಯ ನೀಲಿ ಗುರುತು, ಗೋಡೆ ಹಿಡಿಯುವ ಕೈ, ನಿಂತುಹೋದ ವಾಕಿಂಗ್, ಮೂರನ್ನೂ ಸೇರಿಸಿದರೆ ಅವರು ಒಮ್ಮೆಯಾದರೂ ಬಿದ್ದಿದ್ದಾರೆ ಅಂತಲೇ ನನಗನ್ನಿಸುತ್ತದೆ. 65 ದಾಟಿದವರಲ್ಲಿ ಸುಮಾರು ಮೂರರಲ್ಲೊಬ್ಬರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ಮಕ್ಕಳು ಹೆದರುತ್ತಾರೆ, ಒಬ್ಬಳೇ ಇರಲು ಬಿಡುವುದಿಲ್ಲ ಎಂದು ಮುಚ್ಚಿಡುವವರೇ ಹೆಚ್ಚು. ‘ಬಿದ್ದೆಯಾ?’ ಅಂತ ಕೇಳಬೇಡಿ, ಇಲ್ಲ ಅಂತಾರೆ. ‘ಎಲ್ಲಿ ಕಾಲು ಜಾರುತ್ತೆ ಹೇಳಮ್ಮ, ಅಲ್ಲಿ ಹಿಡಿಕೆ ಹಾಕಿಸ್ತೀನಿ’ ಅನ್ನಿ. ಜಾಗ ತಾನಾಗೇ ತೋರಿಸುತ್ತಾರೆ. ತಲೆಗೆ ಪೆಟ್ಟಾಗಿತ್ತಾ ಅನ್ನುವುದನ್ನು ಮಾತ್ರ ಬಿಡದೆ ಕೇಳಿ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಅದರ ಮೇಲಿನ ರಕ್ತನಾಳಗಳು ಎಳೆದುಕೊಂಡಂತಾಗುತ್ತವೆ. ಸಣ್ಣ ಪೆಟ್ಟಿಗೂ ಅವು ಜಿನುಗಿ, ವಾರಗಳ ಮೇಲೆ ತೂಕಡಿಕೆ, ಮಂಕು, ನಡಿಗೆಯಲ್ಲಿ ತೊಡಕು ಕಾಣಿಸಬಹುದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದರ ಅಪಾಯ ಇನ್ನೂ ಜಾಸ್ತಿ. ತಲೆಯ ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ, ಹೊತ್ತಿಗೆ ಸರಿಯಾಗಿ ಕಂಡರೆ ಸರಿಪಡಿಸಬಹುದು.

ತೂಕದ ವಿಷಯದಲ್ಲಿ ಅಂದಾಜು ಸಾಲದು. ತೂಕದ ಯಂತ್ರದ ಮೇಲೆ ನಿಲ್ಲಿಸಿ, ಹಳೆ ಚೀಟಿಗಳಲ್ಲಿ ಎಲ್ಲಾದರೂ ತೂಕ ಬರೆದಿದೆಯಾ ಹುಡುಕಿ. ತಾನಾಗಿ ಬಯಸದೆ ಆರರಿಂದ ಹನ್ನೆರಡು ತಿಂಗಳಲ್ಲಿ 100ಕ್ಕೆ 5ರಷ್ಟು ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 57ಕ್ಕೆ ಬಂದಿದ್ದರೆ, ಕಾರಣ ಹುಡುಕಲೇಬೇಕು. ಕಾರಣ ಎಂದ ಕೂಡಲೇ ಎಲ್ಲರೂ ಕ್ಯಾನ್ಸರ್ ಅಂದುಕೊಳ್ಳುತ್ತಾರೆ. ಅದನ್ನೂ ನೋಡಬೇಕು, ನಿಜ. ಆದರೆ ಸಡಿಲವಾದ ಹಲ್ಲಿನ ಸೆಟ್ಟು, ರುಚಿ ವಾಸನೆ ತಿಳಿಯದಿರುವುದು, ಹಸಿವು ಕೊಲ್ಲುವ ಮಾತ್ರೆಗಳು, ಮಲಬದ್ಧತೆ, ಹತೋಟಿ ತಪ್ಪಿದ ಶುಗರ್, ಥೈರಾಯ್ಡ್, ಇವೂ ಇವೆ. ಎಲ್ಲಕ್ಕಿಂತ ಸಾಧಾರಣವಾದದ್ದು ಇನ್ನೊಂದು: ‘ಒಬ್ಬಳಿಗೋಸ್ಕರ ಯಾಕೆ ಒಲೆ ಹಚ್ಚೋದು.’ ಗಂಡ ಹೋದ ಮೇಲೆ ಒಬ್ಬರೇ ಉಳಿದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮುಂದಿನ ಸಲ ಹೋದಾಗ ಮೊದಲ ದಿನವೇ ಫ್ರಿಜ್ ತೆಗೆದು ನೋಡಿ. ನೀವು ಬರುತ್ತೀರಿ ಅಂತ ತಂದಿಟ್ಟದ್ದು ಮೇಲಿರುತ್ತದೆ. ಅದರ ಹಿಂದೆ ಏನಿದೆ ಅಂತ ನೋಡಿ.

ಕುರ್ಚಿಯ ಮಾತು. ಎರಡೂ ಕೈ ಊರದೆ ಏಳಲಾಗದು ಎಂದರೆ ತೊಡೆಯ ಮಾಂಸಖಂಡ ಬಡವಾಗಿದೆ ಎಂದೇ ನಾವು ಅನುಮಾನಿಸುವುದು. ನಾವು ಮಾಡಿಸುವ ಒಂದು ಸರಳ ಪರೀಕ್ಷೆ ಇದೆ. ಕೈ ಎದೆಗೆ ಕಟ್ಟಿಕೊಂಡು 5 ಸಲ ಎದ್ದು ಕೂರಬೇಕು, 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಂದಿದೆ ಎಂದು ಲೆಕ್ಕ. ಇದನ್ನು ನಿಮ್ಮ ತಾಯಿಯಿಂದ ಮಾಡಿಸಲು ಹೋಗಬೇಡಿ, ಬಿದ್ದಾರು. ಅವರ ವಿಷಯದಲ್ಲಿ ಉತ್ತರ ಈಗಾಗಲೇ ಗೊತ್ತಾಗಿದೆಯಲ್ವಾ. ಬೇಕಿದ್ದರೆ ಇನ್ನೊಂದನ್ನು ಮಾಡಿ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ನಡೆಯಿರಿ, ದಿನಾ ಹಾಕುವ ಚಪ್ಪಲಿ ಇರಲಿ. 12 ಸೆಕೆಂಡ್ ದಾಟಿದರೆ ಬೀಳುವ ಸಂಭವ ಹೆಚ್ಚು. ಆ ಸಂಖ್ಯೆಯನ್ನು ತಾರೀಖಿನ ಜೊತೆ ಬರೆದಿಡಿ. ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಿದಾಗ ಅದರ ಉಪಯೋಗ ತಿಳಿಯುತ್ತದೆ.

ಈಗ ಆ ನಿದ್ದೆ ಮಾತ್ರೆ.

ನಾನು ಅವರನ್ನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಇದನ್ನು ಒಂದು ಅನುಮಾನ ಅಂತಲೇ ಓದಿ. ಒಬ್ಬರೇ ಆದಮೇಲೆ ಊಟ ಕಡಿಮೆಯಾಯಿತು. ತೂಕ ಇಳಿಯಿತು. ಶುಗರ್, ಬಿಪಿ ಮಾತ್ರೆಯ ಡೋಸ್ ಮಾತ್ರ ಮೊದಲಿನದೇ. ಮೈ ಇಳಿದು ಊಟವೂ ಕಡಿಮೆಯಾದವರಿಗೆ ಅದು ಜಾಸ್ತಿಯಾಗುತ್ತದೆ. ವಯಸ್ಸಾದಂತೆ ಕಿಡ್ನಿ ಔಷಧವನ್ನು ಹೊರಹಾಕುವುದೂ ನಿಧಾನ, ಹಾಗಾಗಿ ಮೈಯಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ. ರಾತ್ರಿ ಶುಗರ್ ಇಳಿದರೆ ಬೆವರಿ, ಕೆಟ್ಟ ಕನಸು ಬಿದ್ದು ಎಚ್ಚರವಾಗುತ್ತದೆ. ‘ನಿದ್ದೆ ಬರಲ್ಲ ಡಾಕ್ಟ್ರೇ’ ಅಂತ ಹೇಳಿದರು, ನಿದ್ದೆ ಮಾತ್ರೆ ಬಂತು. ಅದರ ಮಂಪರು ಮರುದಿನ ಮಧ್ಯಾಹ್ನದವರೆಗೂ ಇಳಿಯುವುದಿಲ್ಲ. ತೂಕಡಿಕೆ, ಮರೆವು, ತೂರಾಡುವ ಕಾಲು. ಒಮ್ಮೆ ಬಿದ್ದರು, ವಾಕಿಂಗ್ ಬಿಟ್ಟರು. ವಾಕಿಂಗ್ ಬಿಟ್ಟ ಕಾಲು ಇನ್ನಷ್ಟು ಸೋತಿತು. ಹಗಲು ಮಲಗಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತು. ಇದರಲ್ಲಿ ಎಷ್ಟು ನಿಮ್ಮ ತಾಯಿಗೆ ಹೊಂದುತ್ತದೆ ಅನ್ನುವುದನ್ನು ನೋಡಿದ ಡಾಕ್ಟರೇ ಹೇಳಬೇಕು. ಆದರೆ ಇಂಥ ಸುತ್ತನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಿಬಿಡಬೇಡಿ. ಕೆಲವು ನಿದ್ದೆ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ನಿದ್ದೆ ಪೂರ್ತಿ ಹಾರುತ್ತದೆ, ಚಡಪಡಿಕೆ ಬರುತ್ತದೆ, ಒಬ್ಬೊಬ್ಬರಿಗೆ ಫಿಟ್ಸೂ ಬರಬಹುದು. ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಗಳದ್ದೇ ಒಂದು ಪಟ್ಟಿ ಇದೆ. 1991ರಲ್ಲಿ ಅಮೆರಿಕದ ಮಾರ್ಕ್ ಬಿಯರ್ಸ್ ಎಂಬ ವೈದ್ಯರು ಶುರುಮಾಡಿದ್ದು, ಈಗಲೂ ಆಗಾಗ ತಿದ್ದುಪಡಿಯಾಗುತ್ತದೆ. ಆಲ್ಪ್ರಜೋಲಾಂ ಜಾತಿಯ ನಿದ್ದೆ ಮಾತ್ರೆಗಳು, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್, ನೋವಿಗೂ ನಿದ್ದೆಗೂ ಬರೆಯುವ ಅಮಿಟ್ರಿಪ್ಟಿಲಿನ್, ಶುಗರಿನ ಗ್ಲಿಬೆನ್‌ಕ್ಲಮೈಡ್, ಎಲ್ಲವೂ ಅದರಲ್ಲಿವೆ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ವಿಷವಲ್ಲ. ಯಾಕೆ ಕೊಟ್ಟಿದ್ದೀರಿ, ಇನ್ನೂ ಬೇಕಾ ಅಂತ ಕೇಳುವ ಹಕ್ಕು ನಿಮಗಿದೆ ಅಂತ ಅರ್ಥ.

ಡಾಕ್ಟರ ಹತ್ತಿರ ಮೂರು ಸಂಗತಿಯನ್ನು ನೀವಾಗಿಯೇ ಎತ್ತಿ. ಒಂದು, ಮಲಗಿದಾಗ ಬಿಪಿ ನೋಡಿ, ಎದ್ದು ನಿಂತು ಮೂರು ನಿಮಿಷದೊಳಗೆ ಮತ್ತೆ ನೋಡಲಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ, ಎದ್ದಾಗ ಕಣ್ಣು ಕತ್ತಲಾಗಿ ಬೀಳುವುದಕ್ಕೆ ಅದೇ ಕಾರಣವಿರಬಹುದು. ಕೂರಿಸಿ ನೋಡಿದ ಬಿಪಿಯಲ್ಲಿ ಇದು ಸಿಗುವುದೇ ಇಲ್ಲ. ಎರಡನೆಯದು, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ. ಸೊರಗಿದ ಹಿರಿಯರಲ್ಲಿ ಅದು 7ರ ಒಳಗೇ ಇರಬೇಕೆಂಬ ಹಟ ಬಿಟ್ಟು 8ರ ಆಸುಪಾಸು ಇದ್ದರೂ ಸಾಕು ಅಂತ ನಾವು ಒಪ್ಪುತ್ತೇವೆ. ಶುಗರ್ ತುಸು ಜಾಸ್ತಿ ಇರುವುದಕ್ಕಿಂತ, ಆ ಹೊತ್ತಿನ ರಕ್ತದ ಶುಗರ್ 70ರ ಕೆಳಗೆ ಇಳಿಯುವುದೇ ಇವರಿಗೆ ಹತ್ತಿರದ ಅಪಾಯ. ಮೂರು, ಬಿ12 ಮತ್ತು ರಕ್ತದ ಸೋಡಿಯಂ. ಬಹಳ ವರ್ಷ ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ ತಿಂದವರಿಗೆ ಬಿ12 ಕಡಿಮೆಯಾಗಿ ಕಾಲು ಜೋಮು ಹಿಡಿಯುವುದು, ಮರೆವು ಬರುವುದು ಉಂಟು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳಿಂದ ಸೋಡಿಯಂ ಇಳಿದು ಮಂಕು ಕವಿಯುವುದೂ ಉಂಟು. ‘ಎಲ್ಲ ನಾರ್ಮಲ್’ ಅಂದ ಆ ಹಳೆ ರಿಪೋರ್ಟಿನಲ್ಲಿ ಇವನ್ನು ನೋಡಿದ್ದಾರಾ ಅಂತ ಒಮ್ಮೆ ತೆಗೆದು ನೋಡಿ.

ಮರೆವಿನ ಕಾಯಿಲೆಯಾ ಅಂತ ಕೇಳಿದ್ದೀರಿ. ಬಿಲ್ ಎರಡು ಸಲ ಕಟ್ಟಿದ್ದರಿಂದ ಅದನ್ನು ಹೇಳಲಾಗದು. ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವುದು ಬೇರೆ, ಬೀಗದ ಕೈಯನ್ನು ಕೈಯಲ್ಲಿ ಹಿಡಿದು ಇದು ಯಾವುದಕ್ಕೆ ಅಂತ ತಬ್ಬಿಬ್ಬಾಗುವುದು ಬೇರೆ. ವರ್ಷಗಟ್ಟಲೆ ಓಡಾಡಿದ ದಾರಿ ತಪ್ಪುವುದು, ಈಗಷ್ಟೇ ಹೇಳಿದ್ದನ್ನು ಹೇಳಿಯೇ ಇಲ್ಲವೆಂಬಂತೆ ಮತ್ತೆ ಮತ್ತೆ ಕೇಳುವುದು, ಮಾಡಿ ಪಳಗಿದ ಅಡುಗೆಯಲ್ಲಿ ಮುಂದೇನು ಎಂದು ತೋಚದಿರುವುದು, ಇಂಥವು ತಿಂಗಳು ತಿಂಗಳಿಗೆ ಹೆಚ್ಚುತ್ತಿದ್ದರೆ ಆಗ ಆ ದಿಕ್ಕಿನಲ್ಲಿ ಯೋಚಿಸಬೇಕು. ನಿಮ್ಮ ತಾಯಿಯ ವಿಷಯದಲ್ಲಿ ಮಾತ್ರೆಯ ಮಂಪರನ್ನು ತೆಗೆದು ನೋಡುವ ಮೊದಲು ಯಾರಾದರೂ ‘ಡಿಮೆನ್ಷಿಯಾ’ ಎಂದು ಚೀಟಿ ಅಂಟಿಸಿದರೆ ಒಪ್ಪಬೇಡಿ.

ಇನ್ನೊಂದು ನೋಡಬೇಕಾದದ್ದು ಮನಸ್ಸು. ಹಿರಿಯರಿಗೆ ಖಿನ್ನತೆ ಬಂದರೆ ಅಳುತ್ತಾ ಕೂರುತ್ತಾರೆ ಅಂದುಕೊಳ್ಳುತ್ತೇವೆ. ಬಹಳ ಜನ ಅಳುವುದಿಲ್ಲ. ಪೇಪರ್ ಬಿಚ್ಚುವುದಿಲ್ಲ, ಅಷ್ಟೇ. ಹಸಿವಿಲ್ಲ, ನಸುಕಿಗೇ ಎಚ್ಚರ, ಮೈಕೈ ನೋವು, ಯಾವುದೂ ಬೇಡ. ಜೀವನವಿಡೀ ಜೊತೆಗಿದ್ದವರನ್ನು ಕಳೆದುಕೊಂಡವರಿಗೆ ದುಃಖ ಸಹಜ, ಅದಕ್ಕೆ ಔಷಧ ಬೇಕಿಲ್ಲ. ಆದರೆ ಎರಡು ವರ್ಷದ ಮೇಲೂ ಅದು ಊಟ, ಓದು, ಓಡಾಟವನ್ನು ನುಂಗುತ್ತಿದ್ದರೆ ಅದು ಚಿಕಿತ್ಸೆಗೆ ಬಗ್ಗುವ ಕಾಯಿಲೆಯಾಗಿರಬಹುದು. ‘ಮುಂಚಿನ ಹಾಗೆ ಯಾವುದಾದರೂ ಖುಷಿ ಕೊಡುತ್ತಾ ಅಮ್ಮ?’ ಅಂತ ಕೇಳಿ ನೋಡಿ. ಉತ್ತರಕ್ಕಿಂತ ಉತ್ತರಕ್ಕೆ ಮೊದಲಿನ ಮೌನ ಗಮನಿಸಿ.

ಇಷ್ಟರವರೆಗೆ ಹೇಳಿದ್ದಕ್ಕೆಲ್ಲ ಒಂದೆರಡು ವಾರದ ಪುರುಸೊತ್ತು ಇದೆ. ಕೆಲವಕ್ಕೆ ಇಲ್ಲ. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆಸ್ಪತ್ರೆಯನ್ನು ಅದಕ್ಕೂ ಮೊದಲೇ ಸೇರಿರಬೇಕು. ಬೇಗ ಹೋದಷ್ಟೂ ಒಳ್ಳೆಯದು. ಎದೆನೋವು, ಏದುಸಿರು, ಎಚ್ಚರ ತಪ್ಪುವುದು, ಬಿದ್ದ ಮೇಲೆ ಕಾಲೂರಲಾಗದಿರುವುದು, ಇವೆಲ್ಲ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಮನುಷ್ಯ ಬದಲಾಗುವುದು. ನಿನ್ನೆ ಚೆನ್ನಾಗಿದ್ದವರು ಇವತ್ತು ಏನೇನೋ ಮಾತಾಡುತ್ತಾರೆ. ಇಲ್ಲವೇ ಮಾತೇ ಆಡದೆ, ತಿನ್ನದೆ ಮಲಗಿಬಿಡುತ್ತಾರೆ. ಬೆಳಿಗ್ಗೆ ಸರಿ, ಸಂಜೆಗೆ ಇಲ್ಲ. ಹಳಬರು ಸನ್ನಿ ಅನ್ನುತ್ತಿದ್ದರು, ನಾವು ಡೆಲಿರಿಯಂ ಅನ್ನುತ್ತೇವೆ. ಗಲಾಟೆ ಮಾಡುವವರನ್ನು ಕೂಡಲೇ ಕರೆತರುತ್ತಾರೆ. ಮಂಕಾಗಿ ಮಲಗಿದವರನ್ನು ‘ಸುಸ್ತಾಗಿದೆ, ಮಲಗಲಿ’ ಅಂತ ಬಿಟ್ಟುಬಿಡುತ್ತಾರೆ. ಅಪಾಯ ಅಲ್ಲೇ ಜಾಸ್ತಿ.

ಒಬ್ಬ ಹಿರಿಯರನ್ನು ಮಗ ಕರೆತಂದಿದ್ದರು. ಎರಡು ದಿನದಿಂದ ಅರಳು ಮರಳು, ಡಿಮೆನ್ಷಿಯಾ ಪರೀಕ್ಷೆ ಮಾಡಿ ಅಂದರು. ಅವರು ಕಣ್ಣು ಅರೆ ತೆರೆದು ಹೊದಿಕೆಯ ನೂಲನ್ನು ಬೆರಳಲ್ಲಿ ಕೀಳುತ್ತಿದ್ದರು. ಹೊಟ್ಟೆ ಮುಟ್ಟಿದೆ. ಹೊಕ್ಕುಳ ಕೆಳಗೆ ತಮಟೆಯ ಹಾಗೆ ಬಿಗಿದಿತ್ತು. ನೆಗಡಿಗೆ ಅಂಗಡಿಯಿಂದ ತಂದ ಮಾತ್ರೆ ತಿಂದಿದ್ದರು. ಮೊದಲೇ ಪ್ರಾಸ್ಟೇಟ್ ದಪ್ಪಗಿತ್ತು, ಮೂತ್ರ ಪೂರ್ತಿ ಕಟ್ಟಿಹೋಗಿತ್ತು. ನಳಿಕೆ ಹಾಕಿ ಮೂತ್ರ ತೆಗೆದೆವು, ಆ ಮಾತ್ರೆ ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಕನ್ನಡಕ ಎಲ್ಲಿಟ್ಟೆ ಅಂತ ಮಗನನ್ನು ಗದರುತ್ತಿದ್ದರು. ಎಲ್ಲರೂ ಇಷ್ಟು ಬೇಗ ಸರಿಹೋಗುವುದಿಲ್ಲ, ಕೆಲವರಿಗೆ ವಾರಗಳೇ ಬೇಕು. ಆದರೆ ಹಠಾತ್ತಾಗಿ ಬಂದ ಗೊಂದಲಕ್ಕೆ ಕಾರಣ ಹೆಚ್ಚಾಗಿ ಮೆದುಳಿನ ಹೊರಗಿರುತ್ತದೆ: ಸೋಂಕು, ನೀರು ಸಾಲದಿರುವುದು, ಮಲ ಗಟ್ಟಿಯಾಗಿ ಕೂತಿರುವುದು, ಹೊಸ ಮಾತ್ರೆ. ಆ ದಿನವೇ ತೋರಿಸಿ.

ಜ್ವರ ಇಲ್ಲವಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ವಯಸ್ಸಾದವರಿಗೆ ನ್ಯುಮೋನಿಯಾ ಬಂದರೂ ಮೈ ಬಿಸಿಯಾಗದಿರಬಹುದು. ಅವರ ಮಾಮೂಲಿ ತಾಪಮಾನಕ್ಕಿಂತ 2 ಡಿಗ್ರಿ ಫ್ಯಾರನ್‌ಹೀಟ್ ಏರಿದರೂ ಅದು ಜ್ವರವೇ. ಅದಕ್ಕಿಂತ ಸುಲಭವಾದದ್ದು, ಮಲಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸುವುದು. 25 ದಾಟಿದರೆ ಕಾಯಬೇಡಿ. ಹೃದಯಾಘಾತವೂ ಹಾಗೆಯೇ. ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಂತಿಯಾಗಿ ಬರಬಹುದು, ಶುಗರ್ ಇದ್ದವರಲ್ಲಿ ಇನ್ನೂ ಹೆಚ್ಚು.

ಇನ್ನು ಏನು ಮಾಡಬೇಕು ಅನ್ನುವುದು. ಕಾದು ನೋಡೋಣ ಅಂದರೆ, ನಿಮ್ಮ ತಾಯಿಯ ಸ್ಥಿತಿಯಲ್ಲಿ ಎರಡು ವಾರಕ್ಕಿಂತ ಜಾಸ್ತಿ ನಾನು ಕಾಯುವುದಿಲ್ಲ. ಮುಂದೆ ಬಿದ್ದು ತೊಡೆಯ ಮೂಳೆ ಮುರಿದರೆ ಇಷ್ಟೂ ಮಾತು ವ್ಯರ್ಥ. ‘ಫುಲ್ ಬಾಡಿ ಚೆಕಪ್’ ಎಂಬ ಪ್ಯಾಕೇಜುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ನೂರು ಪರೀಕ್ಷೆಯಲ್ಲಿ ನಾಲ್ಕು ಕೆಂಪಕ್ಷರ ಬಂದೇ ಬರುತ್ತವೆ. ಆ ನಾಲ್ಕರ ಬೆನ್ನು ಹತ್ತಿ ಓಡುವಾಗ ನಡಿಗೆಯನ್ನು ಯಾರೂ ನೋಡುವುದಿಲ್ಲ. ‘ಸ್ವಲ್ಪ ದಿನ ಅಡ್ಮಿಟ್ ಮಾಡಿ, ಗ್ಲೂಕೋಸ್ ಹಾಕಿ’ ಅನ್ನುವುದಂತೂ ಬೇಡ. ಹಿರಿಯರು ಹತ್ತು ದಿನ ಹಾಸಿಗೆಯಲ್ಲಿ ಮಲಗಿದರೆ ಕಾಲಿನ ಮಾಂಸಖಂಡವೇ ಒಂದು ಕಿಲೋದಷ್ಟು ಕರಗಬಹುದು. ಟಾನಿಕ್, ಪ್ರೋಟೀನ್ ಪುಡಿಯಿಂದ ಶುರುಮಾಡುವುದೂ ಬೇಡ. ಕಾರಣ ತಿಳಿಯದೆ ಪುಡಿ ಕುಡಿಸಿದರೆ ಏನೋ ಮಾಡಿದೆವು ಅನ್ನುವ ತೃಪ್ತಿ ಮಾತ್ರ.

ನಿಮ್ಮ ಮನೆಗೆ ಕರೆತರುವುದು ಪ್ರೀತಿಯಿಂದ ಹುಟ್ಟಿದ ಯೋಚನೆ. ಆದರೆ ಅವಸರ ಬೇಡ. ಕಣ್ಣು ಮುಚ್ಚಿದರೂ ಸ್ವಿಚ್ಚು ಸಿಗುವ ಮನೆ ಅವರದ್ದು. ಹೊಸ ಮನೆಯಲ್ಲಿ ರಾತ್ರಿ ಕಕ್ಕಸಿಗೆ ಏಳುವಾಗ ಬೀಳುವ ಸಂಭವ ಹೆಚ್ಚು. ಮರೆವು ಇದ್ದರೆ ಅಲ್ಲಿ ಮುಚ್ಚಿಹೋಗಿದ್ದದ್ದು ಇಲ್ಲಿ ಬಯಲಾಗಿ ಅವರೂ ಹೆದರುತ್ತಾರೆ, ನೀವೂ ಹೆದರುತ್ತೀರಿ. ಒಂದು ವೇಳೆ ಕರೆತಂದರೂ ಮೊದಲು ಹದಿನೈದು ದಿನಕ್ಕೆ ಅನ್ನಿ, ಅವರ ದಿಂಬು, ಹೊದಿಕೆ, ಚಪ್ಪಲಿ ಜೊತೆಗೇ ಬರಲಿ. ಅಲ್ಲೇ ಇರುವುದಾದರೆ ದಿನದಲ್ಲಿ ಕೆಲವು ಗಂಟೆ ಒಬ್ಬರು ಬಂದು ಹೋಗುವ ಏರ್ಪಾಡು ಮಾಡಿ, ಮಾತ್ರೆಗೆ ವಾರದ ಖಾನೆಗಳಿರುವ ಡಬ್ಬಿ ತನ್ನಿ, ಬಚ್ಚಲಿಗೆ ಹಿಡಿಕೆ, ಹಾಸಿಗೆಯಿಂದ ಕಕ್ಕಸಿನವರೆಗೆ ರಾತ್ರಿ ದೀಪ ಇರಲಿ. ಸಹಾಯಕ್ಕೆ ಬಂದವರು ಎಲ್ಲವನ್ನೂ ತಾವೇ ಮಾಡಿಬಿಟ್ಟರೂ ನಷ್ಟವೇ. ಕೂತಲ್ಲಿಗೆ ನೀರು ತಂದುಕೊಟ್ಟರೆ ಆ ನಾಲ್ಕು ಹೆಜ್ಜೆಯೂ ಹೋಯಿತು.

ಒಪ್ಪಿಸುವುದು ಹೇಗೆ? ‘ನಿನಗೆ ಮರೆವು ಬಂದಿದೆ, ತೋರಿಸೋಣ’ ಅಂದರೆ ಯಾರೂ ಬರುವುದಿಲ್ಲ. ಅವರಿಗೇ ಕಿರಿಕಿರಿ ಮಾಡುತ್ತಿರುವುದನ್ನು ಹಿಡಿಯಿರಿ. ನಿದ್ದೆಯೋ, ಮಂಡಿಯೋ, ಮಾತ್ರೆಗಳು ಜಾಸ್ತಿಯಾದವು ಅನ್ನುವ ಗೊಣಗಾಟವೋ. ‘ಮಾತ್ರೆ ಕಮ್ಮಿ ಮಾಡ್ತಾರಾ ಕೇಳೋಣ ಬಾ’ ಎಂದರೆ ಬರದ ಹಿರಿಯರನ್ನು ನಾನು ಕಂಡದ್ದು ಕಡಿಮೆ. ಅದು ಸುಳ್ಳೂ ಅಲ್ಲ, ನಿಮ್ಮ ತಾಯಿಯ ವಿಷಯದಲ್ಲಿ ಮೊದಲು ಮಾಡಬೇಕಾದದ್ದೇ ಅದು. ಮನೆಯಲ್ಲಿರುವ ಎಲ್ಲ ಮಾತ್ರೆ ಶೀಟುಗಳನ್ನೂ ಒಂದು ಚೀಲಕ್ಕೆ ಸುರಿದು ತನ್ನಿ. ಚೀಟಿ ಸಾಲದು, ಶೀಟೇ ಬೇಕು. ಎಷ್ಟು ಗುಳಿಗೆ ಖಾಲಿಯಾಗಿದೆ, ಎಷ್ಟು ಉಳಿದಿದೆ ಅಂತ ಎಣಿಸಿದರೆ ಎರಡೆರಡು ಸಲ ನುಂಗುತ್ತಿದ್ದಾರೋ ಮರೆಯುತ್ತಿದ್ದಾರೋ ಅಲ್ಲೇ ಗೊತ್ತಾಗುತ್ತದೆ. ಬಿಲ್ ಎರಡು ಸಲ ಕಟ್ಟಿದವರು ಮಾತ್ರೆಯನ್ನೂ ಎರಡು ಸಲ ತೆಗೆದುಕೊಂಡಿರಬಹುದಲ್ವಾ? ಡಾಕ್ಟರ ಮುಂದೆ ಮೊದಲು ಅವರೇ ಮಾತಾಡಲಿ. ನೀವು ಗಮನಿಸಿದ್ದನ್ನು ಒಂದು ಹಾಳೆಯಲ್ಲಿ ತಾರೀಖಿನ ಜೊತೆ ಬರೆದು ಡಾಕ್ಟರ ಕೈಗೆ ಕೊಡಿ. ಎದುರಿಗೇ ದೂರು ಹೇಳಿದರೆ ವಾಪಸ್ ಬರುವ ದಾರಿಯಲ್ಲಿ ನಿಮ್ಮ ಜೊತೆ ಮಾತು ಬಿಡುತ್ತಾರೆ.

ಟಿವಿ ಶಬ್ದದ ವಿಷಯ ಮರೆತೆ. ಅದೇ ದಿನ ಕಿವಿಯೊಳಗೆ ಬೆಳಕು ಬಿಟ್ಟು ನೋಡಲು ಹೇಳಿ. ಎಷ್ಟೋ ಸಲ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ಐದು ನಿಮಿಷದಲ್ಲಿ ತೆಗೆಯುತ್ತಾರೆ. ಅದಲ್ಲದಿದ್ದರೆ ಕಿವಿಯ ಪರೀಕ್ಷೆ ಮಾಡಿಸಿ. ಕೇಳಿಸದಿದ್ದನ್ನು ಹಿರಿಯರು ಕೇಳಿಸಲಿಲ್ಲ ಅನ್ನುವುದಿಲ್ಲ, ಹೂಂ ಅಂದುಬಿಡುತ್ತಾರೆ. ನೀವು ದಿನಾ ಫೋನಿನಲ್ಲಿ ಹೇಗಿದ್ದೀಯಮ್ಮ ಅಂತ ಕೇಳುವುದು ಅವರಿಗೆ ಕೇಳಿಸುತ್ತಿದೆಯಾ, ಅದೂ ಅಂದೇ ತಿಳಿಯುತ್ತದೆ.